ಇಸ್ವಣದ ಕಿವಿರು, ಕರುಳು ಮತ್ತು ಅದು ಬಂದ ದಾರಿ

ಕಾರವಾರದ ಬೈತಕೋಲ್ ಬಂದರಿನಲ್ಲಿ ದೊಡ್ಡ ಮೀನು ಕೊಯ್ಯುವವರ ಪಕ್ಕ ಒಂದು ಬಕೆಟ್ ಇರುತ್ತದೆ. ಕಿವಿರು, ಕರುಳು, ಹೊಟ್ಟೆಯ ಚೀಲ ಎಲ್ಲ ಅದರಲ್ಲಿ ಬೀಳುತ್ತದೆ. ಮೀನು ಕೊಳ್ಳಲು ಬಂದವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಬಂದರಿಗೆ ಹೋಗುತ್ತಿದ್ದದ್ದೇ ಆ ಬಕೆಟ್‌ಗಾಗಿ. ಇಸ್ವಣ, ಅಂದರೆ ಕೆಲವು ಕಡೆ ಅಂಜಲ್ ಅನ್ನುವ ಮೀನು, ಎಲ್ಲೆಲ್ಲಿ ತಿರುಗಿ ಬಂದಿದೆ ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ ಅಂತ ಓದಿದ್ದೆ. ಸಿಗುತ್ತದೆಯೇ, ಎಷ್ಟರ ಮಟ್ಟಿಗೆ, ಅಂತ ಕೈಯಾರೆ ನೋಡಬೇಕಿತ್ತು.

ನಾನು ಶಿರಸಿ ಕಡೆಯವನು. ಅಡಿಕೆ ತೋಟದ ಮನೆ, ಮೀನು ಒಳಗೆ ಬಂದದ್ದೇ ಇಲ್ಲ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಲು ಬಂದಾಗ ಬಂಗುಡೆಗೂ ತಾರ್ಲೆಗೂ ಏನು ವ್ಯತ್ಯಾಸ ಅಂತ ಗೊತ್ತಿರಲಿಲ್ಲ. ಆಯಿಗೆ ಇವತ್ತಿಗೂ ನಾನು ಮಾಡಿದ ಕೆಲಸವನ್ನು ಪೂರ್ತಿ ಹೇಳಿಲ್ಲ. 'ಸಮುದ್ರದ ಮೇಲೆ ಏನೋ ಓದ್ತಾನೆ' ಅಂತ ನೆಂಟರಿಗೆ ಹೇಳುತ್ತಾಳೆ. ಹಾಗೇ ಇರಲಿ.

ಮೊದಲು ವಿಷಯದ ತಿರುಳು. ಮೀನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಸಾಮಾನ್ಯವಾಗಿ ಅದಕ್ಕೊಂದು ಟ್ಯಾಗ್ ಚುಚ್ಚಿ ಬಿಡುತ್ತಾರೆ. ಬರೀ ನಂಬರ್ ಇರುವ ಪ್ಲಾಸ್ಟಿಕ್ ಟ್ಯಾಗ್ ಆದರೆ ಅದೇ ಮೀನು ಮತ್ತೆ ಯಾರದೋ ಬಲೆಗೆ ಬೀಳಬೇಕು, ಬಿದ್ದರೂ ಆ ಮನುಷ್ಯ ಟ್ಯಾಗನ್ನು ವಾಪಸ್ ಕಳಿಸಬೇಕು. ಉಪಗ್ರಹಕ್ಕೆ ಸುದ್ದಿ ಕಳಿಸುವ ಟ್ಯಾಗ್ ಆದರೆ ಒಂದೊಂದಕ್ಕೂ ಲಕ್ಷಗಟ್ಟಲೆ ಖರ್ಚು. ವಿದ್ಯಾರ್ಥಿಯ ಜೇಬಿಗೆ ಎರಡೂ ಆಗದ ಮಾತು. ಆದರೆ ಪ್ರತಿ ಮೀನಿಗೂ ಸಮುದ್ರವೇ ಕೆಲವು ಗುರುತು ಹಾಕಿ ಬಿಟ್ಟಿರುತ್ತದೆ. ಅವೇ ಪರಾವಲಂಬಿಗಳು. ಕೆಲವು ಹುಳುಗಳ ಬದುಕು ಒಂದೇ ಪ್ರಾಣಿಯಲ್ಲಿ ಮುಗಿಯುವುದಿಲ್ಲ. ಮೊಟ್ಟೆ ನೀರಿಗೆ ಬಿದ್ದು, ಮರಿ ಒಂದು ಸಣ್ಣ ಕೋಪಿಪಾಡ್‌ನ (ಸಿಗಡಿಯ ದೂರದ ನೆಂಟ; ಕೆಲವು ನೀರಿನಲ್ಲಿ ತೇಲುತ್ತವೆ, ಕೆಲವು ಮೀನಿಗೆ ಅಂಟಿ ಬದುಕುತ್ತವೆ) ಹೊಟ್ಟೆ ಸೇರಿ, ಅದನ್ನು ತಿಂದ ಸಣ್ಣ ಮೀನಿಗೆ ಹೋಗಿ, ಅದನ್ನು ನುಂಗಿದ ದೊಡ್ಡ ಮೀನಿಗೆ ದಾಟಬೇಕು. ಈ ಎಲ್ಲ ಪ್ರಾಣಿಗಳೂ ಇರುವ ನೀರಿನಲ್ಲಿ ಮಾತ್ರ ಆ ಹುಳ ಇರಲು ಸಾಧ್ಯ. ಹಾಗಾಗಿ ಒಂದು ಕಡೆಯ ನೀರಿನಲ್ಲಿ ಮಾತ್ರ ಅಂಟುವ ಹುಳ ಇನ್ನೊಂದು ಕಡೆ ಹಿಡಿದ ಮೀನಿನಲ್ಲಿ ಸಿಕ್ಕಿದರೆ, ಆ ಮೀನು ಹಿಂದೆ ಯಾವಾಗಲೋ ಮೊದಲ ಜಾಗದಲ್ಲಿ ಊಟ ಮಾಡಿದೆ ಅಂತ ಅರ್ಥ. ಟ್ಯಾಗ್ ಹಾಕಲು ಒಮ್ಮೆ, ತೆಗೆಯಲು ಒಮ್ಮೆ ಅಂತ ಎರಡು ಸಲ ಹಿಡಿಯಬೇಕಾಗಿಲ್ಲ. ಒಂದೇ ಸಲ ಸಾಕು.

ಇದು ಹೊಸ ಯೋಚನೆ ಏನಲ್ಲ. 1939ರಲ್ಲೇ ಅಮೆರಿಕದ ಸಂಶೋಧಕರು ಅಟ್ಲಾಂಟಿಕ್‌ನ ಕೆಂಪು ಮೀನಿನ ಮೈಯಲ್ಲಿ ನೆಟ್ಟುಕೊಂಡಿರುವ ಒಂದು ಕೋಪಿಪಾಡ್ ಹಿಡಿದು ಗುಂಪುಗಳನ್ನು ಬೇರೆ ಮಾಡಲು ನೋಡಿದ್ದರು. ನನಗೆ ಹುಚ್ಚು ಹತ್ತಿಸಿದ್ದು ಮಾತ್ರ ಸಾಲ್ಮನ್ ಕತೆ. ಉತ್ತರ ಪೆಸಿಫಿಕ್‌ನ ನಡುಗಡಲಿನಲ್ಲಿ ಜಪಾನಿನ ಹಡಗುಗಳು ಸಾಕ್‌ಐ ಸಾಲ್ಮನ್ ಹಿಡಿಯುತ್ತಿದ್ದವು. ಆ ಮೀನು ಹುಟ್ಟಿದ್ದು ಅಮೆರಿಕದ ನದಿಗಳಲ್ಲೋ ರಷ್ಯಾದ ನದಿಗಳಲ್ಲೋ ಅನ್ನುವುದು ದೇಶದೇಶಗಳ ನಡುವಿನ ಪ್ರಶ್ನೆಯಾಗಿತ್ತು. ಕೆನಡಾದ ಲಿಯೊ ಮಾರ್ಗೊಲಿಸ್ 1950-60ರ ದಶಕಗಳಲ್ಲಿ ಎರಡು ಹುಳುಗಳಿಂದ ಉತ್ತರ ಹುಡುಕಿದರು. ಮರಿ ಸಾಲ್ಮನ್ ಸಮುದ್ರಕ್ಕೆ ಇಳಿಯುವ ಮೊದಲು ಸಿಹಿನೀರಿನಲ್ಲಿ ಬೆಳೆಯುತ್ತದಲ್ಲ, ಆಗಲೇ ಅಂಟುವ ಹುಳುಗಳು ಇವು. ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯ ಕಡೆಯ ಮೀನಿನ ಮಾಂಸದಲ್ಲಿ ಒಂದು ಲಾಡಿಹುಳುವಿನ ಮರಿ. ರಷ್ಯಾದ ಕಮ್‌ಚಾಟ್ಕಾ ಕಡೆಯ ಮೀನಿನ ಕರುಳಲ್ಲಿ ಒಂದು ದುಂಡುಹುಳು. ನಡುಗಡಲಲ್ಲಿ ಹಿಡಿದ ಮೀನು ಕೊಯ್ದು ಯಾವ ಹುಳ ಇದೆ ಅಂತ ನೋಡಿದರೆ ಆಯಿತು. ಎಷ್ಟು ಸರಳ, ಅಲ್ವಾ?

ನಮ್ಮಲ್ಲಿ ಅಷ್ಟು ಸರಳ ಇಲ್ಲ. ಇಸ್ವಣ ನದಿಯಲ್ಲಿ ಹುಟ್ಟುವ ಮೀನಲ್ಲ. ಅರಬ್ಬಿ ಸಮುದ್ರದಲ್ಲಿ ಕಾರವಾರದ ನೀರಿಗೂ ರತ್ನಾಗಿರಿಯ ನೀರಿಗೂ ನಡುವೆ ಗೋಡೆ ಇಲ್ಲ. 'ಇದ್ದರೆ ಅಲ್ಲಿನದು, ಇಲ್ಲದಿದ್ದರೆ ಇಲ್ಲಿನದು' ಅನ್ನುವಂಥ ಹುಳ ನಮಗೆ ಸಿಗುವುದು ಅಪರೂಪ. ನಮ್ಮ ಕೆಲಸ ಎಣಿಕೆಯದು. ಒಂದೇ ಹುಳ ಇಲ್ಲಿಯ ಮೀನಿನಲ್ಲಿ ಎಷ್ಟು, ಅಲ್ಲಿಯ ಮೀನಿನಲ್ಲಿ ಎಷ್ಟು ಅಂತ ಲೆಕ್ಕ ಇಡುತ್ತಾ ಹೋಗುವುದು.

ಯಾವ ಮೀನು ಆರಿಸುವುದು? ಮೊದಲು ಎಲ್ಲರೂ ಗೆದರೆ, ಅಂದರೆ ಟ್ಯೂನ ಅನ್ನುತ್ತಾರೆ. ದೂರ ಓಡುವ ಮೀನು ಅಂತ ಹೆಸರಾಗಿದೆ. ನಾನು ಇಸ್ವಣ ಹಿಡಿದುಕೊಂಡೆ. ಇದು ಬಂದರಿನಲ್ಲಿ ಹೆಚ್ಚುಕಮ್ಮಿ ಎಲ್ಲ ತಿಂಗಳೂ ಸಿಗುತ್ತದೆ. ಬೆಲೆ ಜಾಸ್ತಿ ಇರುವುದರಿಂದ ಒಂದೊಂದೇ ಮೀನನ್ನು ತೂಗಿ ಮಾರುತ್ತಾರೆ, ರಾಶಿಯಲ್ಲಿ ಕಳೆದುಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಇದೇ ಮೀನಿನ ಮೇಲೆ ಆಸ್ಟ್ರೇಲಿಯಾದ ಉತ್ತರ ಕರಾವಳಿಯಲ್ಲಿ ಇದೇ ಕೆಲಸ ಆಗಿದೆ. 2003ರಲ್ಲಿ ಬಂದ ಆ ಅಧ್ಯಯನ ನೋಡಿದರೆ ಅಲ್ಲಿಯ ಇಸ್ವಣ ಉದ್ದಕ್ಕೂ ಒಂದೇ ಹಿಂಡಲ್ಲ. ಕರಾವಳಿಯ ಬೇರೆ ಬೇರೆ ತುಂಡುಗಳಲ್ಲಿ ಬೇರೆ ಬೇರೆ ಗುಂಪುಗಳಿವೆ, ಅವು ನಾವು ಅಂದುಕೊಂಡಷ್ಟು ತಿರುಗುವುದಿಲ್ಲ. ದೊಡ್ಡ ಮೀನು, ಜೋರಾಗಿ ಈಜುತ್ತದೆ, ಆದ್ದರಿಂದ ಎಲ್ಲಿ ಬೇಕಾದರೂ ಹೋಗುತ್ತದೆ ಅನ್ನುವುದು ಬರೀ ನಮ್ಮ ಊಹೆ.

ಬಂದರಿನಲ್ಲಿ ಇಸ್ವಣ ಅಂತ ಬರುವುದರಲ್ಲಿ ಎರಡು ಜಾತಿ ಬೆರೆತಿರುತ್ತದೆ. ಮೈಮೇಲೆ ಅಡ್ಡಪಟ್ಟಿ ಇರುವುದು ದೊಡ್ಡ ಇಸ್ವಣ. ಸಾಲುಸಾಲಾಗಿ ಚುಕ್ಕೆ ಇರುವುದು ಇನ್ನೊಂದು, ಅಷ್ಟು ದೊಡ್ಡದಾಗುವುದಿಲ್ಲ. ಐಸ್‌ನಲ್ಲಿ ಬಿದ್ದು ಬಣ್ಣ ಮಾಸಿದ ಮೀನಿನಲ್ಲಿ ಪಟ್ಟಿ ಯಾವುದು ಚುಕ್ಕೆ ಯಾವುದು ಗೊತ್ತಾಗುವುದಿಲ್ಲ. ಆಗ ಪಕ್ಕೆಯ ಮೇಲಿನ ಗೆರೆ ನೋಡಬೇಕು. ದೊಡ್ಡ ಇಸ್ವಣದಲ್ಲಿ ಆ ಗೆರೆ ಬೆನ್ನಿನ ಎರಡನೇ ರೆಕ್ಕೆಯ ಕೊನೆಯ ಹತ್ತಿರ ಥಟ್ಟನೆ ಕೆಳಗೆ ಇಳಿಯುತ್ತದೆ. ಇನ್ನೊಂದರಲ್ಲಿ ನಿಧಾನವಾಗಿ ಬಾಗುತ್ತದೆ. ಎರಡನ್ನೂ ಬೆರೆಸಿ ಎಣಿಸಿದರೆ ಆಮೇಲೆ ಸಿಗುವ ವ್ಯತ್ಯಾಸ ಜಾತಿಯದ್ದೋ ಜಾಗದ್ದೋ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಬಕೆಟ್ ವಿಷಯ. ಇಡೀ ಇಸ್ವಣ ಕೊಂಡು ಕೊಯ್ಯುವಷ್ಟು ದುಡ್ಡು ನನ್ನಲ್ಲಿ ಇರಲಿಲ್ಲ. ಕೊಯ್ಯುವ ಅಕ್ಕನೊಬ್ಬರನ್ನು ಕೇಳಿದೆ.

'ಏ ತಮಾ, ಇದ್ನ ತಗೊಂಡು ಎಂತ ಮಾಡ್ತೆ?'

'ಹುಳ ಹುಡುಕ್ತೇನೆ ಅಕ್ಕ.'

'ಹುಡುಕು. ಸಿಕ್ರೆ ಗಿರಾಕಿ ಎದುರು ಮಾತ್ರ ಹೇಳ್ಬೇಡ ಮಾರಾಯ.'

ಅಷ್ಟೇ ಕರಾರು. ನಾನು ದಾರ ಕಟ್ಟಿದ ಪ್ಲಾಸ್ಟಿಕ್ ಚೀಲ ಕೊಡುತ್ತಿದ್ದೆ. ಅವರು ಒಂದು ಮೀನಿನ ಕಿವಿರು, ಕರುಳು ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟುತ್ತಿದ್ದರು. ಒಂದು ಮೀನು, ಒಂದು ಚೀಲ. ಇದರಲ್ಲಿ ರಾಜಿ ಇಲ್ಲ. ಬಕೆಟ್‌ನಲ್ಲಿ ಬೆರೆತುಹೋದ ಕರುಳಿನಲ್ಲಿ ಎಷ್ಟು ಹುಳ ಸಿಕ್ಕಿದರೂ ಅದು ಸುಮ್ನೆ ಹುಳ, ಮಾಹಿತಿ ಅಲ್ಲ. ಕೊಯ್ಯುವ ಮೊದಲೇ ನಾನು ಮೀನಿನ ಉದ್ದ ಅಳೆದುಕೊಳ್ಳುತ್ತಿದ್ದೆ, ಮೂತಿಯ ತುದಿಯಿಂದ ಬಾಲದ ಕವಲಿನ ನಡುವಿನವರೆಗೆ. ಬಾಲದ ತುದಿಯವರೆಗೆ ಅಳೆಯಬಾರದು, ಐಸ್ ಪೆಟ್ಟಿಗೆಯಲ್ಲಿ ಅದು ಮುರಿದಿರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಮೀನು ಎಲ್ಲಿ ಹಿಡಿದದ್ದು ಅಂತ ತಿಳಿಯುವುದು. ಬೈತಕೋಲ್‌ನಲ್ಲಿ ಇಳಿಸಿದ ಮೀನು ಕಾರವಾರದ ನೀರಿನದ್ದೇ ಆಗಬೇಕಾಗಿಲ್ಲ. ದಿನಗಟ್ಟಲೆ ಕಡಲಲ್ಲೇ ಇರುವ ಬೋಟುಗಳು ಗೋವಾ ದಾಟಿ ಉತ್ತರಕ್ಕೂ ಹೋಗುತ್ತವೆ, ದಕ್ಷಿಣಕ್ಕೂ ಇಳಿಯುತ್ತವೆ. ಬೋಟು ನಡೆಸುವ ತಾಂಡೇಲನಿಗೆ ಎಲ್ಲ ಗೊತ್ತು, ಜಿಪಿಎಸ್‌ನಲ್ಲಿ ಜಾಗ ಗುರುತು ಹಾಕಿರುತ್ತಾನೆ. ಆದರೆ ಯಾಕೆ ಹೇಳಬೇಕು? ಒಳ್ಳೆ ಮೀನು ಬೀಳುವ ಜಾಗ ಅವನ ಅನ್ನ. ಕೊನೆಗೆ ನಾನು ಕೇಳುವ ರೀತಿ ಬದಲಿಸಿದೆ. ಜಾಗ ಬೇಡ, ಎಷ್ಟು ಮಾರು ಆಳ, ಕಾರವಾರಕ್ಕಿಂತ ಮೇಲೋ ಕೆಳಗೋ, ಇಷ್ಟು ಹೇಳಿ ಸಾಕು ಅಂದೆ. ಅಷ್ಟು ಹೇಳಲು ಯಾರಿಗೂ ತಕರಾರು ಇರಲಿಲ್ಲ. ನನ್ನ ಕೆಲಸಕ್ಕೂ ಅಷ್ಟೇ ಸಾಕಿತ್ತು. ಹೇಳದೇ ಹೋದವರ ಮೀನನ್ನು ಹುಳ ಗುರುತಿಸುವ ಅಭ್ಯಾಸಕ್ಕೆ ಇಟ್ಟುಕೊಂಡೆ, ಲೆಕ್ಕಕ್ಕೆ ಸೇರಿಸಲಿಲ್ಲ.

ಕೋಣೆಗೆ ತಂದ ಮೇಲೆ ಚೀಲದ ತಳದ ನೀರಿನಿಂದ ಶುರು. ಇದನ್ನು ತುಂಬ ಜನ ಚೆಲ್ಲಿಬಿಡುತ್ತಾರೆ. ಕಿವಿರಿನ ಮೇಲಿನ ಸಣ್ಣ ಕೋಪಿಪಾಡ್‌ಗಳು, ಚಪ್ಪಟೆ ಹುಳುಗಳು ಐಸ್ ತಾಗಿದಾಗ ಹಿಡಿತ ಬಿಟ್ಟು ನೀರಿಗೆ ಬಿದ್ದಿರುತ್ತವೆ. ಆ ನೀರನ್ನು ನುಣ್ಣನೆ ಜಾಲರಿಯಲ್ಲಿ ಸೋಸಿ, ಉಳಿದದ್ದನ್ನು ಗಾಜಿನ ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು.

ಆಮೇಲೆ ಕಿವಿರು. ಒಂದು ಕಡೆಗೆ ನಾಲ್ಕು ಕಮಾನು, ಎರಡೂ ಕಡೆ ಸೇರಿ ಎಂಟು. ಒಂದೊಂದನ್ನೂ ಕತ್ತರಿಸಿ ಉಪ್ಪುನೀರಿರುವ ಬೇರೆ ಬೇರೆ ತಟ್ಟೆಯಲ್ಲಿ ಇಡುತ್ತೇನೆ. ಇಸ್ವಣದ ಕಿವಿರಿನ ಎಳೆಗಳ ನಡುವೆ ಮೊನೊಜೀನಿಯನ್ ಅನ್ನುವ ಚಪ್ಪಟೆ ಹುಳುಗಳು ಇರುತ್ತವೆ. ಹಿಂಬದಿಯಲ್ಲಿ ಚಿಮಟದಂಥ ಪುಟ್ಟ ಹಿಡಿಕೆಗಳ ಸಾಲು, ಅದರಿಂದ ಎಳೆಯನ್ನು ಕಚ್ಚಿ ಹಿಡಿದಿರುತ್ತವೆ. ಇವಕ್ಕೆ ನಡುವೆ ಬೇರೆ ಪ್ರಾಣಿ ಬೇಡ. ಮೊಟ್ಟೆ ಒಡೆದು ಬಂದ ಮರಿ ಈಜಿಕೊಂಡು ನೇರ ಇನ್ನೊಂದು ಇಸ್ವಣಕ್ಕೇ ಹೋಗಿ ಅಂಟುತ್ತದೆ. ಇವುಗಳ ಆಯಸ್ಸು ಕಮ್ಮಿ. ಅಂದರೆ ಇವು ಹೇಳುವುದು ಮೀನಿನ ಇತ್ತೀಚಿನ ಸುದ್ದಿ. ಹೋದ ವರ್ಷದ ವಿಷಯ ಇವುಗಳಿಂದ ತಿಳಿಯದು.

ಕರುಳಿನ ಕೆಲಸ ನಾರುತ್ತದೆ, ತಾಳ್ಮೆ ಬೇಕು. ಹೊಟ್ಟೆ, ಅದರ ಪಕ್ಕದ ಬೆರಳಿನಂಥ ಕುರುಡು ಚೀಲಗಳು, ಕರುಳು, ಇವನ್ನು ಬೇರೆ ಬೇರೆ ಮಾಡಿ ಉದ್ದಕ್ಕೆ ಸೀಳಬೇಕು. ಒಳಗಿನ ಲೋಳೆಯನ್ನು ಉಪ್ಪುನೀರಿನ ಜಾಡಿಯಲ್ಲಿ ಅಲ್ಲಾಡಿಸಿ ಬಿಟ್ಟರೆ ಹುಳುಗಳು ತಳಕ್ಕೆ ಕೂರುತ್ತವೆ. ಮೇಲಿನ ಕದಡು ನೀರನ್ನು ನಿಧಾನ ಚೆಲ್ಲಿ ಮತ್ತೆ ಉಪ್ಪುನೀರು ಹಾಕಬೇಕು. ನೀರು ತಿಳಿಯಾಗುವವರೆಗೂ ಹೀಗೇ ಮಾಡುತ್ತಿರಬೇಕು. ಹೊಟ್ಟೆಯಲ್ಲಿ ಅರ್ಧ ಕರಗಿದ ತಾರ್ಲೆ, ಬಂಗುಡೆ, ಬೊಂಡಾಸ ಇದ್ದರೆ ಅದನ್ನೂ ಬರೆದುಕೊಳ್ಳಬೇಕು. ಹುಳ ಬಂದದ್ದು ಊಟದ ಜೊತೆಗೇ ತಾನೆ.

ಜೀವಂತ ಹುಳವನ್ನು ಹಾಗೇ ಫಾರ್ಮಲಿನ್‌ಗೆ ಹಾಕಿದರೆ ಮುದುಡಿ ಗಂಟಾಗುತ್ತದೆ, ಆಮೇಲೆ ಏನೂ ಕಾಣುವುದಿಲ್ಲ. ಕುದಿಯುವ ಹಂತಕ್ಕೆ ಬಂದ ಉಪ್ಪುನೀರನ್ನು ಒಮ್ಮೆಲೇ ಸುರಿದರೆ ನೀಟಾಗಿ ಚಾಚಿಕೊಂಡು ಸಾಯುತ್ತದೆ. ಡಿಎನ್‌ಎ ನೋಡುವ ಯೋಚನೆ ಇದ್ದರೆ ಕೆಲವನ್ನು ಗಟ್ಟಿ ಆಲ್ಕೋಹಾಲ್‌ನಲ್ಲಿ ಬೇರೆ ಇಡಬೇಕು, ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿ ಹೋಗುತ್ತದೆ, ಹೊರಗೆ ಅಂಟಿಸಿದ ಚೀಟಿ ಮಳೆಗಾಲದ ಕಾರವಾರದಲ್ಲಿ ಕಳಚಿ ಬೀಳುತ್ತದೆ.

ಇಷ್ಟೆಲ್ಲದರಲ್ಲಿ ನನಗೆ ಹೆಚ್ಚು ಇಷ್ಟ ಆದದ್ದು ಕರುಳಿನ ಹೊರಗೆ, ಅದನ್ನು ಹಿಡಿದಿಟ್ಟ ತೆಳು ಪೊರೆಯ ಮೇಲೆ ಕಾಣುವ ಬಿಳಿ ಗುಳ್ಳೆಗಳು. ಅಕ್ಕಿಕಾಳಿನಷ್ಟು ಇರುತ್ತವೆ, ಕೆಲವು ಅದಕ್ಕಿಂತ ಉದ್ದ. ಒಳಗೆ ಟ್ರೈಪನೋರಿಂಕ್ ಗುಂಪಿನ ಲಾಡಿಹುಳುವಿನ ಮರಿ. ಇದು ಇಸ್ವಣದಲ್ಲಿ ದೊಡ್ಡದಾಗುವುದೇ ಇಲ್ಲ. ಶಾರ್ಕ್ ಬಂದು ಈ ಇಸ್ವಣವನ್ನು ನುಂಗಬೇಕು, ಆಮೇಲೆ ಶಾರ್ಕ್‌ನ ಕರುಳಲ್ಲಿ ಇದು ಬೆಳೆದು ಮೊಟ್ಟೆ ಇಡಬೇಕು. ಅಲ್ಲಿಯವರೆಗೆ ಕಾಯುತ್ತಾ ಕೂರುತ್ತದೆ. ವರ್ಷಗಟ್ಟಲೆ ಕಾಯಬಲ್ಲದು. ಮೀನು ತಿಂದ ಹಳೆಯ ಊಟಗಳ ಲೆಕ್ಕ ಇರುವುದು ಇಲ್ಲಿ.

ಗುಳ್ಳೆಯನ್ನು ಸೂಜಿಯಿಂದ ಬಿಡಿಸಿ ಮರಿಯನ್ನು ಹೊರಗೆ ತೆಗೆದು ಸಿಹಿನೀರಿಗೆ ಹಾಕಬೇಕು. ಉಪ್ಪುನೀರಿಗಲ್ಲ, ಸಿಹಿನೀರಿಗೆ. ನೀರು ಒಳಗೆ ನುಗ್ಗಿ ಒತ್ತಡ ಏರಿದಾಗ ತಲೆಯ ಒಳಗೆ ಮಡಚಿಕೊಂಡಿದ್ದ ನಾಲ್ಕು ತಂತುಗಳು ಹೊರಗೆ ಬರುತ್ತವೆ. ಪ್ರತಿ ತಂತುವಿನ ತುಂಬ ಕೊಕ್ಕೆಗಳು. ಈ ಕೊಕ್ಕೆಗಳ ಸಾಲು, ಆಕಾರ, ಬುಡದಲ್ಲಿ ಒಂದು ರೀತಿ ತುದಿಯಲ್ಲಿ ಇನ್ನೊಂದು ರೀತಿ ಇರುವುದು, ಇವುಗಳಿಂದಲೇ ಜಾತಿ ಗೊತ್ತಾಗುವುದು. ನಾಲ್ಕೂ ಪೂರ್ತಿ ಹೊರಬಂದ ಮರಿ ಸಿಕ್ಕ ದಿನ ಮಧ್ಯಾಹ್ನದ ಊಟ ಮರೆತುಹೋಗುತ್ತಿತ್ತು. ಹೆಚ್ಚಿನವು ಅರ್ಧಕ್ಕೆ ನಿಲ್ಲುತ್ತವೆ. ಆಗ ಗಾಜಿನ ಚೂರಿನ ಕೆಳಗೆ ಮೆಲ್ಲಗೆ ಒತ್ತಿ ನೋಡಬೇಕು, ಜೋರಾಗಿ ಒತ್ತಿದರೆ ಹರಿದುಹೋಗುತ್ತದೆ. ನನಗೆ ಹೆಚ್ಚಾಗಿ ಸಿಕ್ಕಿದ್ದು ಕ್ಯಾಲಿಟೆಟ್ರಾರಿಂಕಸ್ ಗ್ರಾಸಿಲಿಸ್. ಜಗತ್ತಿನ ಬಿಸಿ ಸಮುದ್ರಗಳಲ್ಲೆಲ್ಲ ಇರುವ ಹುಳ ಇದು. ಆಸ್ಟ್ರೇಲಿಯಾದವರು ಎಣಿಸಿದವುಗಳಲ್ಲೂ ಇದಿತ್ತು.

ಎಣಿಸುವಾಗ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಮೀನು ದೊಡ್ಡದಾದಷ್ಟೂ ಮರಿಗಳು ಜಾಸ್ತಿ. ಇದಕ್ಕೂ ವಲಸೆಗೂ ಸಂಬಂಧ ಇಲ್ಲ. ಜಾಸ್ತಿ ದಿನ ಬದುಕಿದೆ, ಜಾಸ್ತಿ ತಾರ್ಲೆ ತಿಂದಿದೆ, ಸೇರಿದ ಮರಿ ಹೊರಗೆ ಹೋಗುವುದಿಲ್ಲ, ಅಷ್ಟೇ. ಆದ್ದರಿಂದ ಭಟ್ಕಳದ ಉದ್ದ ಇಸ್ವಣವನ್ನೂ ಕಾರವಾರದ ಗಿಡ್ಡ ಇಸ್ವಣವನ್ನೂ ಪಕ್ಕಪಕ್ಕ ಇಟ್ಟು 'ನೋಡಿ, ವ್ಯತ್ಯಾಸ' ಅನ್ನಲು ಬರುವುದಿಲ್ಲ. ಒಂದೇ ಉದ್ದದ ಮೀನುಗಳನ್ನೇ ಹೋಲಿಸಬೇಕು. ಏನೂ ಸಿಗದ ಮೀನನ್ನೂ ಸೊನ್ನೆ ಅಂತ ಬರೆಯಬೇಕು. ಸೊನ್ನೆ ಬರೆಯಲು ಬೇಜಾರು ಬರುತ್ತದೆ ನಿಜ. ಆದರೆ ಹುಳ ಇದ್ದ ಮೀನುಗಳನ್ನಷ್ಟೇ ಬರೆದಿಟ್ಟ ಪುಸ್ತಕದಿಂದ ಮೀನು ಎಲ್ಲಿಂದ ಬಂತು ಅಂತ ಹೇಳಲು ಆಗುವುದಿಲ್ಲ.

ಭಟ್ಕಳದಲ್ಲೂ ಪರಿಚಯದವರನ್ನು ಹಿಡಿದು ಚೀಲ ಕೊಟ್ಟು ಬಂದಿದ್ದೆ. ಎರಡೂ ಬಂದರುಗಳ ನಡುವೆ ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ. ಒಂದೇ ಅಳತೆಯ ಮೀನುಗಳನ್ನು ಜೋಡಿಸಿ ನೋಡಿದಾಗ ಹಳೆಯ ಮರಿಗಳ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೆಳೆಯನೊಬ್ಬ 'ಹಾಗಾದರೆ ಎರಡೂ ಒಂದೇ ಹಿಂಡು ಅಂತ ಬರೆದು ಮುಗಿಸು' ಅಂದ. ಹಾಗೆ ಬರೆಯಲು ಬರುವುದಿಲ್ಲ. ಹುಳುಗಳಲ್ಲಿ ವ್ಯತ್ಯಾಸ ಇದ್ದರೆ ಮೀನುಗಳು ಬೆರೆಯುತ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ವ್ಯತ್ಯಾಸ ಇಲ್ಲದಿದ್ದರೆ ಎರಡು ಸಾಧ್ಯತೆ. ಒಂದು, ಮೀನುಗಳು ಬೆರೆಯುತ್ತಿವೆ. ಇನ್ನೊಂದು, ಮೀನುಗಳು ಅಲ್ಲಲ್ಲೇ ಇವೆ, ಆದರೆ ಎರಡೂ ಕಡೆಯ ನೀರು, ತಾರ್ಲೆ, ಶಾರ್ಕ್ ಒಂದೇ ಥರ ಇರುವುದರಿಂದ ಹುಳುಗಳೂ ಒಂದೇ ಥರ ಇವೆ. ಕರಾವಳಿಯ ಇಷ್ಟು ಸಣ್ಣ ತುಂಡಿನಲ್ಲಿ ಎರಡನೆಯದೂ ಅಷ್ಟೇ ನಂಬುವಂಥದ್ದು. ಹುಳುಗಳಿಂದ ಮೀನಿನ ದಾರಿ ಹೇಳುವ ಎಷ್ಟೋ ಬರಹಗಳು ಎಡವುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಕಿವಿರಿನ ಹುಳುಗಳ ಕತೆ ಬೇರೆ. ಒಂದೇ ಬೋಟಿನವರು ಒಂದೇ ಬಲೆಗೆ ಹಿಡಿದ ಇಸ್ವಣಗಳಲ್ಲಿ ಕೂಡ ಒಂದರ ಕಿವಿರಿನಲ್ಲಿ ತುಂಬ ಇರುತ್ತಿದ್ದವು, ಪಕ್ಕದ ಮೀನಿನಲ್ಲಿ ಒಂದೂ ಇರುತ್ತಿರಲಿಲ್ಲ. ಮೊದಲು ತಲೆ ಕೆಟ್ಟಿತು. ಆಮೇಲೆ ಸ್ಕಿಪ್‌ಜ್ಯಾಕ್ ಟ್ಯೂನ ಬಗ್ಗೆ 1985ರಲ್ಲಿ ಲೆಸ್ಟರ್ ಮತ್ತು ಜೊತೆಗಾರರು ಪೆಸಿಫಿಕ್‌ನಲ್ಲಿ ಮಾಡಿದ ಕೆಲಸ ಓದಿದೆ. ಅವರು ಕೇಳಿದ ಪ್ರಶ್ನೆಯೇ ಚೆನ್ನಾಗಿತ್ತು. ಒಟ್ಟಿಗೆ ಈಜುವ ಮೀನುಗಳು ಎಷ್ಟು ಕಾಲದಿಂದ ಒಟ್ಟಿಗಿವೆ? ಹುಟ್ಟಿದಾಗಿನಿಂದ ಒಂದೇ ಗುಂಪಾಗಿದ್ದರೆ ಹಳೆಯ ಹುಳುಗಳೂ ಹೊಂದಬೇಕು. ಹುಳುಗಳನ್ನು ನೋಡಿದರೆ ಹಾಗಿರಲಿಲ್ಲ. ಗುಂಪು ಒಡೆಯುತ್ತಾ ಸೇರುತ್ತಾ ಇರುತ್ತದೆ, ಒಂದು ಗುಂಪಿನ ಅರ್ಧ ಮೀನು ಬದಲಾಗಲು ತಿಂಗಳುಗಳು ಬೇಕಿಲ್ಲ, ವಾರಗಳು ಸಾಕು ಎಂಬ ಅಂದಾಜಿಗೆ ಅವರು ಬಂದರು. ಅಂದರೆ ಒಂದೇ ಬಲೆಗೆ ಬಿದ್ದ ಮಾತ್ರಕ್ಕೆ ಅಕ್ಕಪಕ್ಕದ ಎರಡು ಮೀನು ಒಂದೇ ಕಡೆಯಿಂದ ಬಂದಿವೆ ಅಂತ ಇಲ್ಲ. ಅದನ್ನು ಓದಿದ ಮೇಲೆ ಒಂದು ಬೋಟಿನಿಂದ ತುಂಬ ಮೀನು ತೆಗೆದುಕೊಳ್ಳುವುದು ಬಿಟ್ಟು, ಬೇರೆ ಬೇರೆ ಬೋಟುಗಳಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಲು ಶುರು ಮಾಡಿದೆ.

ಇಸ್ವಣದ ಬಿಳಿ ಮರಿಯ ದೊಡ್ಡ ರೂಪ ನಮ್ಮಲ್ಲೇ ಇದೆಯೇ ಎಂಬುದೂ ಗೊತ್ತಾಗಬೇಕಿತ್ತು. ಅದಕ್ಕೆ ಮೋರಿಯ, ಅಂದರೆ ಶಾರ್ಕ್‌ನ ಕರುಳು ಬೇಕು. ಇಲ್ಲಿ ಒಂದು ಎಚ್ಚರ. ಹಲವು ಜಾತಿಯ ಶಾರ್ಕ್, ತೊರಕೆಗಳು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಸತ್ತದ್ದನ್ನೂ ಮುಟ್ಟುವಂತಿಲ್ಲ. ಜಾತಿ ಸರಿಯಾಗಿ ಗುರುತಿಸಲು ಬರುವವರು ಜೊತೆಗಿದ್ದಾಗ ಮಾತ್ರ, ಮಾರುಕಟ್ಟೆಯಲ್ಲಿ ಕಾನೂನುಬದ್ಧವಾಗಿ ಮಾರುವ ಜಾತಿಗಳ ಕರುಳನ್ನಷ್ಟೇ ತೆಗೆದುಕೊಂಡೆ. ಶಾರ್ಕ್‌ನ ಕರುಳಿನ ಒಳಗೆ ಸುರುಳಿ ಸುತ್ತಿದ ಪೊರೆ ಇರುತ್ತದೆ. ಸುರುಳಿಯ ಪ್ರತಿ ಸುತ್ತನ್ನೂ ಬಿಡಿಸಿ ನೋಡಬೇಕು, ಹುಳುಗಳು ಒಂದೊಂದು ಜಾತಿಗೆ ಒಂದೊಂದು ಸುತ್ತು ಅಂತ ಮನೆ ಮಾಡಿಕೊಂಡಿರುವುದೂ ಉಂಟು. ಅಲ್ಲಿ ಅದೇ ಕೊಕ್ಕೆಗಳಿರುವ ದೊಡ್ಡ ಹುಳ ಸಿಕ್ಕಿತು. ಖುಷಿಯೂ ಆಯಿತು, ನಿರಾಸೆಯೂ ಆಯಿತು. ಹುಳುವಿನ ಬದುಕಿನ ಕೊನೆಯ ಹಂತ ಇಲ್ಲೇ ಇದೆ ಅಂದರೆ, ಇಸ್ವಣ ಈ ಮರಿಯನ್ನು ಕಾರವಾರದ ನೀರಿನಲ್ಲೇ ತಿಂದಿರಬಹುದು. 'ಇದು ದೂರದಿಂದ ಬಂದ ಮೀನು' ಅಂತ ತೋರಿಸಲು ಆ ಹುಳ ಇನ್ನು ಉಪಯೋಗವಿಲ್ಲ. ಎಣಿಕೆಯ ಹೆಚ್ಚುಕಮ್ಮಿ ನೋಡಲು ಮಾತ್ರ ಇಟ್ಟುಕೊಳ್ಳಬಹುದು.

ಸ್ಕಾಟ್‌ಲೆಂಡಿನ ಕೆನ್ ಮೆಕೆಂಜಿ ಇಂಥ ಕೆಲಸಕ್ಕೆ ಹುಳ ಆರಿಸುವುದು ಹೇಗೆ ಅಂತ ವರ್ಷಗಳ ಕಾಲ ಬರೆದವರು. ಎರಡು ಜಾಗಗಳ ನಡುವೆ ಎಣಿಕೆ ಎದ್ದು ಕಾಣುವಷ್ಟು ಬೇರೆ ಇರಬೇಕು, ಮೀನಿನಲ್ಲಿ ಬೇಕಾದಷ್ಟು ಕಾಲ ಉಳಿಯಬೇಕು, ಮೀನಿನ ನಡವಳಿಕೆ ಕೆಡಿಸಬಾರದು, ಕೊಯ್ದರೆ ಸುಲಭಕ್ಕೆ ಸಿಗಬೇಕು. ಓದುವಾಗ ಇದರಲ್ಲೇನು ವಿಶೇಷ ಅನ್ನಿಸಿತ್ತು. ಕೈಗೆ ಸಿಕ್ಕ ಹುಳುಗಳನ್ನು ಒಂದೊಂದಾಗಿ ಈ ಅಳತೆಗೆ ಹಚ್ಚಿದಾಗ ಮುಕ್ಕಾಲುಪಾಲು ಹೊರಗೆ ಬಿದ್ದವು.

ಗೆದರೆಯನ್ನೂ ಪೂರ್ತಿ ಬಿಡಲಿಲ್ಲ. ಅದರ ಕಿವಿರು ಬಿಡಿಸಿದರೆ ಹಳದಿ ಬಣ್ಣದ ಪುಟ್ಟ ಚೀಲಗಳು ಕಾಣುತ್ತವೆ. ಒಳಗೆ ಡಿಡಿಮೋಜೋಯಿಡ್ ಅನ್ನುವ ಹುಳುಗಳು, ಸಾಮಾನ್ಯವಾಗಿ ಜೋಡಿಯಾಗಿ. ಜೀವಮಾನವೆಲ್ಲ ಇಬ್ಬರೇ ಒಂದೇ ಚೀಲದಲ್ಲಿ. ಸೂಜಿ ತಾಗಿಸಿದರೆ ಹಳದಿ ದಾರದಂತೆ ಹೊರಗೆ ಬರುವುದರಲ್ಲಿ ಬಹುಪಾಲು ಮೊಟ್ಟೆಗಳೇ. ದಕ್ಷಿಣ ಪೆಸಿಫಿಕ್‌ನ ಆಲ್ಬಕೋರ್ ಟ್ಯೂನದ ದಾರಿ ಹುಡುಕಲು 1991ರಲ್ಲಿ ಬಳಸಿದ್ದು ಇಂಥವನ್ನೇ. ಬಿಸಿನೀರಿನಲ್ಲಿ ಹುಟ್ಟಿದ ಮರಿಗಳು ನ್ಯೂಜಿಲೆಂಡ್ ಕಡೆಯ ತಣ್ಣನೆ ನೀರಿಗೆ ಇಳಿದಾಗ ಈ ಹುಳುಗಳಿರುತ್ತವೆ. ಮೀನು ಬೆಳೆಯುತ್ತಾ ಹೋದಂತೆ ಅವು ಕಮ್ಮಿಯಾಗುತ್ತವೆ. ಮತ್ತೆ ದೊಡ್ಡ, ಪ್ರಾಯಕ್ಕೆ ಬಂದ ಮೀನುಗಳಲ್ಲಿ ಜಾಸ್ತಿಯಾಗುತ್ತವೆ. ಅಂದರೆ ಮೀನು ಮೊಟ್ಟೆ ಇಡಲು ಬಿಸಿನೀರಿಗೆ ವಾಪಸ್ ಹೋಗಿ ಬಂದಿದೆ, ನಡುವೆ ಆ ಕಡೆ ಹೋಗಿಲ್ಲ. ಬರೀ ಹೆಚ್ಚುಕಮ್ಮಿಯ ಒಂದು ಗೆರೆಯಿಂದ ಮೀನಿನ ಬಾಳಿನ ಹಂತಗಳನ್ನು ಓದಿದ ಈ ಕೆಲಸ ನನಗೆ ಸಾಲ್ಮನ್ ಕತೆಗಿಂತಲೂ ಹಿಡಿಸಿತು. ನಮ್ಮ ಕರಾವಳಿಯ ಗೆದರೆ ಇಡೀ ಬಾಳು ಬಿಸಿನೀರಿನಲ್ಲೇ ಕಳೆಯುವುದರಿಂದ ಅದೇ ಉಪಾಯ ಇಲ್ಲಿ ನಡೆಯುವುದಿಲ್ಲ.

ಒಮ್ಮೆ ಬಂದರಿಗೆ ಸೇಲ್‌ಫಿಶ್ ಬಂದಿತ್ತು. ಮುಂದೆ ಈಟಿಯಂಥ ಮೂತಿ, ಬೆನ್ನಿನ ಮೇಲೆ ದೊಡ್ಡ ನೀಲಿ ರೆಕ್ಕೆ. ಜನ ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಪಕ್ಕೆಯಿಂದ ಜೋತುಬಿದ್ದಿದ್ದ ಕಪ್ಪು ಎಳೆಯನ್ನು ನೋಡುತ್ತಿದ್ದೆ. ಅದು ಪೆನೆಲ್ಲ. ಇದೂ ಕೋಪಿಪಾಡೇ, ಆದರೆ ಹೆಣ್ಣು ತಲೆಯನ್ನು ಮೀನಿನ ಮಾಂಸದೊಳಗೆ ಆಳಕ್ಕೆ ನೆಟ್ಟು ಉಳಿದ ಮೈಯನ್ನು ಹೊರಗೆ ಬಿಟ್ಟಿರುತ್ತದೆ. ಇದನ್ನು ಎಳೆದು ಕೀಳಬಾರದು, ತಲೆ ಒಳಗೇ ಉಳಿದುಹೋಗುತ್ತದೆ, ಜಾತಿ ಗುರುತಿಸಲು ಬೇಕಾದದ್ದು ಅದೇ. ಸುತ್ತಲಿನ ಮಾಂಸದ ಸಮೇತ ಕತ್ತರಿಸಿ ಕೊಡಿ ಅಂತ ಕೇಳಿದೆ. ಮಾಲೀಕರು ನಕ್ಕು, ಆ ತುಂಡಿನ ದುಡ್ಡು ತಗೊಂಡೇ ಕೊಟ್ಟರು.

ಎಲ್ಲರೂ ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಹುಳ ಇದ್ದ ಮೀನು ತಿನ್ನಬಹುದೇ? ಬೇಯಿಸಿ ತಿಂದರೆ ತಿನ್ನಬಹುದು. ಶಾರ್ಕ್‌ಗಾಗಿ ಕಾಯುವ ಆ ಬಿಳಿ ಮರಿಗಳು ಮನುಷ್ಯನ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ. ತೊಂದರೆ ಕೊಡುವುದು ಅನಿಸಾಕಿಸ್ ಅನ್ನುವ ದುಂಡುಹುಳು, ಅದೂ ಹಸಿ ಮೀನು ತಿನ್ನುವವರಿಗೆ. ಒಳಗಿನವರೆಗೆ 60 ಡಿಗ್ರಿ ದಾಟಿ ಬೆಂದರೆ ಅದು ಸಾಯುತ್ತದೆ. ನಮ್ಮ ಕಡೆ ಮೀನು ಸಾರು ಕುದಿಯುವ ರೀತಿಗೆ ಯಾವ ಹುಳವೂ ಉಳಿಯುವುದಿಲ್ಲ. ಕೆಲವರಿಗೆ ಸತ್ತ ಅನಿಸಾಕಿಸ್‌ನಿಂದಲೂ ಅಲರ್ಜಿ ಆಗುವುದುಂಟು, ಹಾಗಾಗಿ ಕೊಯ್ಯುವಾಗ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಅಕ್ಕನಿಗೆ ಇದನ್ನು ಹೇಳಿದಾಗ 'ಕೈಗವಸು ಹಾಕಿದ್ರೆ ಕತ್ತಿ ಜಾರ್ತದೆ' ಅಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಕೆಲಸ ಶುರು ಮಾಡಬೇಕು ಅನ್ನುವವರಿಗೆ ನನ್ನ ಸಲಹೆ ಇಷ್ಟು. ಕಾರವಾರ, ಭಟ್ಕಳ ಅಂತ ಪಕ್ಕಪಕ್ಕದ ಬಂದರು ಹಿಡಿಯಬೇಡಿ. ಇಲ್ಲಿಂದ ಒಂದು, ಗುಜರಾತಿನ ಕಡೆಯಿಂದ ಒಂದು, ಸಾಧ್ಯವಾದರೆ ಕೇರಳದ ತೆಂಕು ತುದಿಯಿಂದ ಒಂದು, ಹೀಗೆ ದೂರದೂರದ ಬಂದರುಗಳಲ್ಲಿ ಗೆಳೆಯರನ್ನು ಹುಡುಕಿ ಒಂದೇ ತಿಂಗಳಲ್ಲಿ, ಒಂದೇ ಅಳತೆಯ ಇಸ್ವಣದ ಚೀಲ ಕಟ್ಟಿಸಿ. ಎಲ್ಲ ಚೀಲಗಳನ್ನೂ ಒಬ್ಬರೇ ಕೊಯ್ದು ಎಣಿಸಿ. ಎಣಿಸುವ ಕಣ್ಣು ಬದಲಾದರೆ ಎಣಿಕೆಯೂ ಬದಲಾಗುತ್ತದೆ.

ಇನ್ನು ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ತಳದ ತಣ್ಣನೆ ನೀರು ಕರಾವಳಿಯ ಹತ್ತಿರ ಮೇಲೆ ಬರುವುದೂ ಮಳೆಗಾಲದಲ್ಲೇ. ಆ ನೀರಿನಲ್ಲಿ ಆಮ್ಲಜನಕ ಕಮ್ಮಿ. ಮೀನುಗಳು ಜಾಗ ಬದಲಿಸುವ ಸಾಧ್ಯತೆ ಜಾಸ್ತಿ ಇರುವ ಕಾಲವೇ ನಮ್ಮ ಪುಸ್ತಕದಲ್ಲಿ ಖಾಲಿ ಉಳಿಯುತ್ತದೆ. ನಾಡದೋಣಿಗಳಿಗೆ ನಿಷೇಧ ಇಲ್ಲ. ಗಾಳಿ ತಗ್ಗಿದ ದಿನ ಅವು ಕಡಲಿಗೆ ಇಳಿಯುತ್ತವೆ, ಒಮ್ಮೊಮ್ಮೆ ಇಸ್ವಣ ತರುತ್ತವೆ. ಅವರಿಗೆ ಮೊದಲೇ ಹೇಳಿಟ್ಟು, ದಾರ ಕಟ್ಟಿದ ಚೀಲಗಳನ್ನು ಮೇ ತಿಂಗಳಲ್ಲೇ ಕೊಟ್ಟು ಬನ್ನಿ.